ಪಿಂಚಣಿದಾರರಿಗೂ ಕಡಿಮೆ ಆದಾಯದವರಿಗೂ ರಿವಾರ್ಡ್ ಕ್ರೆಡಿಟ್ ಕಾರ್ಡ್: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ಬೆಳಗಿನ ವಾಕಿಂಗ್ ಮುಗಿಸಿ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂರುವ ನಮ್ಮ ಪಿಂಚಣಿದಾರರ ಗುಂಪಿನಲ್ಲಿ, ನಾನು ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನೆಂಬ ಒಂದೇ ಕಾರಣಕ್ಕೆ, ಕಾರ್ಡಿನ ಪ್ರಶ್ನೆಗಳೆಲ್ಲ ನನ್ನ ಕಡೆಗೇ ತಿರುಗುತ್ತವೆ. ಚಿತ್ರದುರ್ಗ, ಚನ್ನಗಿರಿ, ಚಳ್ಳಕೆರೆ ಕಡೆಯ ಪರಿಚಿತರು ಪತ್ರ ಬರೆದು ಕೇಳುವುದೂ ಬಹುಮಟ್ಟಿಗೆ ಇವನ್ನೇ. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟು, ನನಗೆ ತಿಳಿದ ಉತ್ತರವನ್ನು ಕೆಳಗೆ ಬರೆದಿದ್ದೇನೆ.

## ಆರಂಭದ ಅನುಮಾನಗಳು

ಸಂಬಳವೇ ನಿಂತು ಹೋದ ಮೇಲೆ ನನಗೆ ಯಾವ ಬ್ಯಾಂಕಿನವರು ಕಾರ್ಡ್ ಕೊಡ್ತಾರೆ ಸರ್?

ಕೊಡುತ್ತಾರೆ. ಅರ್ಜಿ ಬಂದಾಗ ಬ್ಯಾಂಕು ನೋಡುವುದು ಮುಖ್ಯವಾಗಿ ಮೂರು ಸಂಗತಿಗಳನ್ನು: ತಿಂಗಳು ತಿಂಗಳು ಹಣ ಬರುತ್ತದೆಯೇ, ಬರುವುದನ್ನು ತೋರಿಸುವ ಕಾಗದ ಇದೆಯೇ, ಹಿಂದೆ ಪಡೆದ ಸಾಲವನ್ನು ಹೇಗೆ ತೀರಿಸಿದ್ದೀರಿ. ಖಾಸಗಿ ಕಂಪನಿಯ ಸಂಬಳ ನಾಳೆ ನಿಲ್ಲಬಹುದು, ಸರ್ಕಾರಿ ಪಿಂಚಣಿ ನಿಲ್ಲುವುದಿಲ್ಲ. ಆ ದೃಷ್ಟಿಯಿಂದ ಪಿಂಚಣಿದಾರರು ಬ್ಯಾಂಕಿಗೆ ಒಳ್ಳೆಯ ಗಿರಾಕಿಗಳೇ. ತೊಡಕಿರುವುದು ಅರ್ಜಿಯ ನಮೂನೆಯಲ್ಲಿ. ಆನ್‌ಲೈನ್ ಅರ್ಜಿಗಳು ಬಹುಮಟ್ಟಿಗೆ ‘ಸಂಬಳದಾರ’ ಅಥವಾ ‘ಸ್ವಂತ ಉದ್ಯೋಗ’ ಎಂಬ ಎರಡೇ ಆಯ್ಕೆ ಕೊಡುವುದರಿಂದ ಪಿಂಚಣಿದಾರನು ಯಾವುದನ್ನು ಒತ್ತಿದರೂ ಮುಂದಿನ ಪುಟದಲ್ಲಿ ಕೇಳುವ ಸಂಬಳದ ಚೀಟಿಯೋ ಅಂಗಡಿಯ ಪರವಾನಗಿಯೋ ಅವನ ಬಳಿ ಇರುವುದಿಲ್ಲ, ಮತ್ತು ಅರ್ಜಿ ಮನುಷ್ಯರ ಕಣ್ಣಿಗೆ ಬೀಳುವ ಮೊದಲೇ ಬಿದ್ದುಹೋಗುತ್ತದೆ. ಆದ್ದರಿಂದ ನನ್ನ ಮೊದಲ ಸಲಹೆ ಎಲ್ಲರಿಗೂ ಒಂದೇ: ಪಿಂಚಣಿ ಜಮೆಯಾಗುವ ಶಾಖೆಗೇ ಹೋಗಿ ಕೇಳಿ. ನಿಮ್ಮ ಹಣದ ಹರಿವು ಅವರ ಕಂಪ್ಯೂಟರಿನಲ್ಲೇ ಇರುತ್ತದೆ.

ವಯಸ್ಸು ಎಷ್ಟರ ತನಕ ನೋಡ್ತಾರೆ? ನನಗೆ ಈಗ ಅರವತ್ತೆಂಟು.

ಎಲ್ಲ ಬ್ಯಾಂಕುಗಳಿಗೂ ಅನ್ವಯಿಸುವ ಒಂದೇ ಮಿತಿ ಇಲ್ಲ. ಸಾಮಾನ್ಯ ಕಾರ್ಡುಗಳಿಗೆ ಕೆಲವರು 60ಕ್ಕೆ, ಕೆಲವರು 65ಕ್ಕೆ, ಇನ್ನು ಕೆಲವರು 70ಕ್ಕೆ ಬಾಗಿಲು ಹಾಕುತ್ತಾರೆ. ಠೇವಣಿಯ ಮೇಲೆ ಕೊಡುವ ಕಾರ್ಡುಗಳಲ್ಲಿ ಈ ಬಿಗಿ ಕಡಿಮೆ. ಅರ್ಜಿಗೆ ಸಹಿ ಹಾಕುವ ಮೊದಲೇ ವಯಸ್ಸಿನ ಮಿತಿಯನ್ನು ಕೇಳಿ ತಿಳಿಯಿರಿ. ನಿವೃತ್ತಿಗೆ ಇನ್ನೂ ಒಂದೆರಡು ವರ್ಷ ಇರುವವರು ಸಂಬಳದ ಚೀಟಿ ಕೈಯಲ್ಲಿರುವಾಗಲೇ ವಾರ್ಷಿಕ ಶುಲ್ಕವಿಲ್ಲದ ಒಂದು ಕಾರ್ಡ್ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು.

ರಿವಾರ್ಡ್ ಅಂದ್ರೆ ನಿಜಕ್ಕೂ ದುಡ್ಡು ಬರುತ್ತಾ, ಇಲ್ಲ ಬರೀ ಬಾಯಿಮಾತಾ?

ಕಾರ್ಡಿನಲ್ಲಿ ಮಾಡಿದ ಖರ್ಚಿನ ಒಂದು ಸಣ್ಣ ಪಾಲು ಪಾಯಿಂಟಾಗಿಯೋ ಹಣವಾಗಿಯೋ ಹಿಂದಿರುಗುವುದೇ ರಿವಾರ್ಡ್. ಬರುತ್ತದೆ, ಆದರೆ ಜಾಹೀರಾತು ಹೇಳುವಷ್ಟು ಬರುವುದಿಲ್ಲ. ಲೆಕ್ಕ ಹಾಕಿಯೇ ನೋಡೋಣ. ಇಬ್ಬರೇ ಇರುವ ಮನೆಯಲ್ಲಿ ದಿನಸಿ, ಔಷಧಿ, ಕರೆಂಟು ಬಿಲ್ಲು, ಫೋನು ಎಲ್ಲ ಸೇರಿ ತಿಂಗಳಿಗೆ 8,000 ರೂಪಾಯಿ ಕಾರ್ಡಿನಲ್ಲಿ ಹೋಯಿತೆನ್ನಿ. ವರ್ಷಕ್ಕೆ 96,000. ನೂರಕ್ಕೆ ಒಂದು ರೂಪಾಯಿ ಹಿಂದಿರುಗಿದರೆ 960 ರೂಪಾಯಿ. ಕಾರ್ಡಿನ ವಾರ್ಷಿಕ ಶುಲ್ಕ 499 ಆಗಿದ್ದರೆ, ಶೇ 18ರ ಜಿಎಸ್‌ಟಿ ಸೇರಿ 589 ಆಗುತ್ತದೆ. ಉಳಿಯುವುದು 371 ರೂಪಾಯಿ. ಅದೇ ಖರ್ಚಿಗೆ ಆಜೀವ ಶುಲ್ಕರಹಿತ ಕಾರ್ಡ್ ಇದ್ದರೆ 960 ರೂಪಾಯಿಯೂ ನಿಮ್ಮದೇ. ಖರ್ಚು ಸಣ್ಣದಾಗಿರುವವರಿಗೆ ಶುಲ್ಕವಿಲ್ಲದಿರುವುದೇ ದೊಡ್ಡ ರಿವಾರ್ಡ್ ಎಂದು ನಾನು ಹೇಳುವುದು ಇದಕ್ಕೇ. ‘ಇಷ್ಟು ಖರ್ಚು ಮಾಡಿದರೆ ಶುಲ್ಕ ಮನ್ನಾ’ ಎಂಬ ಕಾರ್ಡುಗಳೂ ಇವೆ. ಮನ್ನಾ ಮಾಡಿಸಿಕೊಳ್ಳಲೆಂದು ಬೇಡದ ಮಿಕ್ಸಿಯನ್ನು ಕೊಂಡವರನ್ನು ನಾನು ನೋಡಿದ್ದೇನೆ.

## ಆದಾಯ ಮತ್ತು ಅದರ ಕಾಗದ

ಪಿಂಚಣಿ ಬರುತ್ತೆ ಅಂತ ತೋರಿಸೋಕೆ ಏನೇನು ಕೊಡಬೇಕು?

ಪಿಂಚಣಿ ಪಾವತಿ ಆದೇಶ, ಅಂದರೆ ನಾವೆಲ್ಲ ಪಿಪಿಓ ಎನ್ನುವ ಕಾಗದ. ಪಿಂಚಣಿ ಜಮೆಯಾಗಿರುವುದು ಕಾಣುವ ಆರು ತಿಂಗಳ ಖಾತೆಯ ವಿವರ. ತೆರಿಗೆ ಕಡಿತವಾಗುತ್ತಿದ್ದರೆ ಫಾರಂ 16. ಜೊತೆಗೆ ಪ್ಯಾನ್ ಮತ್ತು ಆಧಾರ್. ಠೇವಣಿಯ ಬಡ್ಡಿ, ಮನೆ ಬಾಡಿಗೆ, ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಬಡ್ಡಿ ಇವೂ ಆದಾಯವೇ ಆದುದರಿಂದ, ಆದಾಯ ತೆರಿಗೆ ರಿಟರ್ನ್ ಸಲ್ಲಿಸುವವರು ಕಳೆದ ಎರಡು ವರ್ಷದ ಪ್ರತಿಗಳನ್ನು ಸೇರಿಸಿದರೆ ಎಲ್ಲವೂ ಒಂದೇ ಕಡೆ ಕಾಣುತ್ತದೆ ಮತ್ತು ಮಿತಿಯೂ ಹೆಚ್ಚು ಸಿಗುತ್ತದೆ.

ದಾವಣಗೆರೆಯ ಹತ್ತಿ ಗಿರಣಿಗಳಲ್ಲಿ ದುಡಿದವರ ಸಂಗತಿ ಬೇರೆ. ಅವರಿಗೆ ಬರುವುದು ಭವಿಷ್ಯನಿಧಿಯ ಇಪಿಎಸ್ ಪಿಂಚಣಿ. ಅದರ ಕನಿಷ್ಠ ಮೊತ್ತವನ್ನು 2014ರಲ್ಲಿ ತಿಂಗಳಿಗೆ 1,000 ರೂಪಾಯಿ ಎಂದು ನಿಗದಿ ಮಾಡಲಾಯಿತು. ಸಾವಿರ, ಎರಡು ಸಾವಿರದ ಪಿಂಚಣಿಯನ್ನಷ್ಟೇ ತೋರಿಸಿದರೆ ಯಾವ ಬ್ಯಾಂಕೂ ಸಾಮಾನ್ಯ ಕಾರ್ಡ್ ಕೊಡುವುದಿಲ್ಲ. ಅಂಥವರು ಈ ದಾರಿಯಲ್ಲಿ ಅಲೆಯದೆ, ಮುಂದೆ ಹೇಳಿರುವ ಠೇವಣಿ ಕಾರ್ಡಿನ ಭಾಗಕ್ಕೆ ನೇರವಾಗಿ ಹೋಗಬಹುದು.

ಯಜಮಾನರು ತೀರಿಕೊಂಡ ಮೇಲೆ ನನಗೆ ಕುಟುಂಬ ಪಿಂಚಣಿ ಬರ್ತಿದೆ. ಅದು ನನ್ನ ಆದಾಯ ಅನ್ನಿಸಿಕೊಳ್ಳುತ್ತಾ?

ಖಂಡಿತ. ಕುಟುಂಬ ಪಿಂಚಣಿ ನಿಮ್ಮ ಹೆಸರಿಗೆ, ನಿಮ್ಮ ಖಾತೆಗೆ ಬರುವ ಹಣ. ಆದರೆ ಯಜಮಾನರ ಜೊತೆಗಿದ್ದ ಜಂಟಿ ಖಾತೆಯಲ್ಲೇ ಅದನ್ನು ಪಡೆಯುತ್ತಿದ್ದು, ಅವರ ಹೆಸರನ್ನು ಇನ್ನೂ ತೆಗೆಸದಿದ್ದರೆ ಮೊದಲು ಆ ಕೆಲಸ ಮುಗಿಸಿ. ಅವರ ಹೆಸರಿನ ಕ್ರೆಡಿಟ್ ಕಾರ್ಡಿನ ಮೇಲೆ ನಿಮಗೆ ಸಿಕ್ಕಿದ್ದ ಹೆಚ್ಚುವರಿ ಕಾರ್ಡನ್ನು ಇನ್ನೂ ಬಳಸುತ್ತಿದ್ದರೆ ತಕ್ಷಣ ನಿಲ್ಲಿಸಿ. ಮುಖ್ಯ ಕಾರ್ಡ್‌ದಾರರೇ ಇಲ್ಲವಾದ ಮೇಲೆ ಆ ಕಾರ್ಡಿಗೆ ಆಧಾರವಿಲ್ಲ.

ನಮ್ಮದು ಚನ್ನಗಿರಿ ಹತ್ತಿರ ಮೂರೆಕರೆ ಅಡಿಕೆ ತೋಟ. ದುಡ್ಡು ವರ್ಷಕ್ಕೆ ಒಂದೆರಡು ಸಲ ಬರುತ್ತೆ. ಬ್ಯಾಂಕಿನವರು ತಿಂಗಳ ಆದಾಯ ಎಷ್ಟು ಅಂತ ಕೇಳ್ತಾರೆ, ಏನು ಹೇಳೋದು?

ವರ್ಷದ ಆದಾಯವನ್ನು ಹನ್ನೆರಡರಿಂದ ಭಾಗಿಸಿ ಹೇಳಿ, ಆದರೆ ಆ ವರ್ಷದ ಆದಾಯಕ್ಕೆ ಕಾಗದ ಇಟ್ಟುಕೊಳ್ಳಿ. ಪಹಣಿ ಜಮೀನು ನಿಮ್ಮದೆಂದು ಹೇಳುತ್ತದೆಯೇ ಹೊರತು ಎಷ್ಟು ದುಡಿದಿರಿ ಎಂದು ಹೇಳುವುದಿಲ್ಲ. ಅಡಿಕೆ ಬೆಳೆಗಾರರ ಸಹಕಾರ ಸಂಘವಾದ ತುಮ್ಕೋಸ್‌ನಲ್ಲೋ ಮಂಡಿಯಲ್ಲೋ ಅಡಿಕೆ ಮಾರಿದ ಬಿಲ್ಲು, ಹಣ ಬ್ಯಾಂಕ್ ಖಾತೆಗೇ ಬಂದಿರುವ ದಾಖಲೆ, ಇವು ಹೇಳುತ್ತವೆ. ಮಂಡಿಯಿಂದ ನಗದು ತೆಗೆದುಕೊಂಡು ಪಂಚೆಯ ಗಂಟಿನಲ್ಲಿ ಕಟ್ಟಿಕೊಂಡು ಬರುವ ಅಭ್ಯಾಸವಿರುವ ಹಿರಿಯರಿಗೆ ನಾನು ಹೇಳುವುದೆಂದರೆ, ಕಾರ್ಡ್ ಬೇಕಿದ್ದರೆ ಕನಿಷ್ಠ ಒಂದು ವರ್ಷದ ಫಸಲಿನ ಹಣವಾದರೂ ಖಾತೆಯ ಮೂಲಕ ಹಾಯಲಿ.

ಕೃಷಿ ಆದಾಯಕ್ಕೆ ತೆರಿಗೆ ಇಲ್ಲದಿದ್ದರೂ ಅದನ್ನು ರಿಟರ್ನ್‌ನಲ್ಲಿ ತೋರಿಸಲು ಜಾಗವಿದೆ. ತೆರಿಗೆ ಶೂನ್ಯವಾಗಿದ್ದರೂ ಸಲ್ಲಿಸಿದ ರಿಟರ್ನ್ ಬ್ಯಾಂಕಿನ ಕಣ್ಣಿನಲ್ಲಿ ದಾಖಲೆಯೇ. ಚಳ್ಳಕೆರೆಯ ಶೇಂಗಾ ಬೆಳೆಗಾರರಿಗೂ ಜಗಳೂರಿನ ಮೆಕ್ಕೆಜೋಳದವರಿಗೂ ಇದೇ ಮಾತು ಅನ್ವಯಿಸುತ್ತದೆ. ಮಳೆ ನಂಬಿದ ಬೆಳೆಯಾದುದರಿಂದ ಅವರ ಒಂದು ವರ್ಷದ ಲೆಕ್ಕ ಇನ್ನೊಂದು ವರ್ಷಕ್ಕೆ ಹೊಂದುವುದಿಲ್ಲ. ಆದ್ದರಿಂದ ಒಳ್ಳೆಯ ಮಳೆಯಾದ ವರ್ಷದ ಹಣದಲ್ಲಿ ಒಂದು ಪಾಲನ್ನು ಠೇವಣಿ ಇಟ್ಟು ಅದರ ಮೇಲೆ ಕಾರ್ಡ್ ಪಡೆಯುವುದು ಅವರಿಗೆ ಹೆಚ್ಚು ಸರಳ.

ಗೃಹಲಕ್ಷ್ಮಿ ಎರಡು ಸಾವಿರ, ಅತ್ತೆಗೆ ಸಂಧ್ಯಾ ಸುರಕ್ಷಾ ಹನ್ನೆರಡು ನೂರು ಬರುತ್ತೆ. ಇದನ್ನ ತೋರಿಸಿ ಕಾರ್ಡ್ ತಗೋಬಹುದಾ? ಕಾರ್ಡ್ ತಗೊಂಡ್ರೆ ರೇಷನ್ ಕಾರ್ಡ್ ಹೋಗುತ್ತಾ?

ಮೊದಲ ಪ್ರಶ್ನೆಗೆ: ಸರ್ಕಾರದ ನೆರವಿನ ಹಣವನ್ನು ಬ್ಯಾಂಕುಗಳು ಸಾಮಾನ್ಯವಾಗಿ ಕಾರ್ಡಿನ ಅರ್ಹತೆಗೆ ಆದಾಯವೆಂದು ಪರಿಗಣಿಸುವುದಿಲ್ಲ. ಆದರೆ ಅದರಲ್ಲಿ ಉಳಿಸಿ ಸಣ್ಣ ಠೇವಣಿ ಮಾಡಿದರೆ, ಹಣ ಎಲ್ಲಿಂದ ಬಂತೆಂದು ನೋಡದೆ ಆ ಠೇವಣಿಯ ಮೇಲೆ ಕಾರ್ಡ್ ಕೊಡುತ್ತಾರೆ.

ಎರಡನೆಯದಕ್ಕೆ: ಕ್ರೆಡಿಟ್ ಕಾರ್ಡ್ ಇರುವುದೇ ಬಿಪಿಎಲ್ ಚೀಟಿ ರದ್ದಾಗಲು ಕಾರಣವಲ್ಲ. ರಾಜ್ಯದ ಮಾನದಂಡದಲ್ಲಿ ಮುಖ್ಯವಾದುವು ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ಮೀರಿರುವುದು, ಆದಾಯ ತೆರಿಗೆ ಕಟ್ಟುವುದು ಮುಂತಾದುವು. ಇಲ್ಲಿ ಎಚ್ಚರ ಬೇಕಾದದ್ದು ಬೇರೆ ಕಡೆಗೆ. ಕಾರ್ಡ್ ಮಾಡಿಸಿಕೊಡುವ ಏಜೆಂಟರು ಕೆಲವರು ‘ಮೂರು ಲಕ್ಷ ಆದಾಯ ಅಂತ ಒಂದು ರಿಟರ್ನ್ ಹಾಕಿಬಿಡೋಣ, ತೆರಿಗೆ ಏನೂ ಬರಲ್ಲ’ ಎಂದು ಹೇಳುತ್ತಾರೆ. ಬ್ಯಾಂಕಿನ ಮುಂದೆ ಮೂರು ಲಕ್ಷ, ಆಹಾರ ಇಲಾಖೆಯ ಮುಂದೆ ಒಂದು ಲಕ್ಷ ಎಂದು ಎರಡು ಬಾಯಲ್ಲಿ ಹೇಳಿದ್ದು ಇಂದು ಕಂಪ್ಯೂಟರಿನಲ್ಲಿ ಒಂದೇ ಆಧಾರ್ ಸಂಖ್ಯೆಯ ಕೆಳಗೆ ಬಂದು ಸೇರುತ್ತದೆ. ಒಂದು ಕಾರ್ಡಿಗಾಗಿ ಅಕ್ಕಿ ಕಳೆದುಕೊಳ್ಳುವ ಕೆಲಸ ಅದು. ಸುಳ್ಳು ಆದಾಯ ತೋರಿಸುವುದು ಅಪರಾಧವೆಂಬುದಂತೂ ಇದ್ದೇ ಇದೆ.

## ಠೇವಣಿಯ ಮೇಲೆ ಪಡೆಯುವ ಕಾರ್ಡ್

ಎಫ್‌ಡಿ ಇಟ್ರೆ ಕಾರ್ಡ್ ಕೊಡ್ತಾರಂತೆ. ನಮ್ಮ ದುಡ್ಡನ್ನೇ ನಮಗೆ ಸಾಲ ಕೊಟ್ಟ ಹಾಗಾಯ್ತಲ್ಲ, ಇದರಲ್ಲಿ ಏನು ಲಾಭ?

ಈ ಮಾತು ಪಾರ್ಕಿನಲ್ಲಿ ಬಂದಾಗಲೆಲ್ಲ ನಗು ಏಳುತ್ತದೆ, ಆದರೆ ಪ್ರಶ್ನೆ ಸರಿಯಾದದ್ದೇ. ನೀವು ಒಂದು ಬ್ಯಾಂಕಿನಲ್ಲಿ 25,000 ರೂಪಾಯಿ ಅವಧಿ ಠೇವಣಿ ಇಡುತ್ತೀರಿ. ಬ್ಯಾಂಕು ಆ ಠೇವಣಿಯ ಮೇಲೆ ತನ್ನ ಹಕ್ಕನ್ನು ಗುರುತು ಹಾಕಿಕೊಂಡು, ಅದರ ಶೇ 75ರಿಂದ 90ರಷ್ಟು ಮಿತಿಯ ಕಾರ್ಡನ್ನು ಕೊಡುತ್ತದೆ. ಪೂರ್ತಿ ಮೊತ್ತಕ್ಕೇ ಮಿತಿ ಕೊಡುವವರೂ ಇದ್ದಾರೆ. ಠೇವಣಿಗೆ ಬಡ್ಡಿ ಎಂದಿನಂತೆ ಬರುತ್ತಲೇ ಇರುತ್ತದೆ, ಹಿರಿಯ ನಾಗರಿಕರಿಗೆ ಕೊಡುವ ಹೆಚ್ಚುವರಿ ದರವೂ ಸೇರಿ. ಕಾರ್ಡ್ ಇರುವಷ್ಟು ದಿನ ಠೇವಣಿಯನ್ನು ಮುರಿಯುವಂತಿಲ್ಲ, ಅಷ್ಟೇ. ಬಿಲ್ಲನ್ನು ಠೇವಣಿಯಿಂದ ಕಡಿದುಕೊಳ್ಳುತ್ತಾರೆಂದು ಹಲವರು ತಿಳಿದಿದ್ದಾರೆ, ಹಾಗಲ್ಲ. ಬಿಲ್ಲನ್ನು ನೀವು ಪ್ರತಿ ತಿಂಗಳೂ ಬೇರೆಯಾಗಿ ಕಟ್ಟಬೇಕು. ಕಟ್ಟದೆ ಬಿಟ್ಟರೆ ಮಾತ್ರ ಠೇವಣಿಗೆ ಕೈ ಹಾಕುತ್ತಾರೆ, ಅಷ್ಟರೊಳಗೆ ಬಡ್ಡಿಯೂ ದಂಡವೂ ಬೆಳೆದು, ನಿಮ್ಮ ಸ್ಕೋರೂ, ಅಂದರೆ ಸಾಲ ತೀರಿಸುವ ನಡತೆಗೆ ಸಿಗುವ ಅಂಕವೂ, ಕುಸಿದಿರುತ್ತದೆ.

ಲಾಭವೇನೆಂದರೆ, ಆದಾಯದ ಕಾಗದವನ್ನು ಬಹುಮಟ್ಟಿಗೆ ಕೇಳುವುದೇ ಇಲ್ಲ, ಹಳೆಯ ಸ್ಕೋರ್ ಕೆಟ್ಟಿದ್ದರೂ ಅಥವಾ ಸ್ಕೋರೇ ಇಲ್ಲದಿದ್ದರೂ ನಡೆಯುತ್ತದೆ, ಮತ್ತು ಇದರ ಪಾವತಿಯ ದಾಖಲೆ ಬೇರೆ ಕಾರ್ಡುಗಳಂತೆಯೇ ಎಲ್ಲರ ಸಾಲದ ಚರಿತ್ರೆಯನ್ನು ದಾಖಲಿಸಿಡುವ ಸಿಬಿಲ್ ಮುಂತಾದ ಸಂಸ್ಥೆಗಳಿಗೆ ಹೋಗುತ್ತದೆ. ಒಂದು ವರ್ಷ, ಒಂದೂವರೆ ವರ್ಷ ತಪ್ಪದೆ ಕಟ್ಟಿದರೆ ಠೇವಣಿಯಿಲ್ಲದ ಕಾರ್ಡ್ ಕೇಳಲು ನಿಮಗೆ ಒಂದು ನೆಲೆ ಸಿಗುತ್ತದೆ. ರಿವಾರ್ಡ್ ಪಾಯಿಂಟುಗಳು ಇದರಲ್ಲಿಯೂ ಇರುತ್ತವೆ, ತುಸು ಕಡಿಮೆ.

ಮೂರು ಸಂಗತಿಗಳನ್ನು ಶಾಖೆಯಲ್ಲಿ ಬಾಯಿಬಿಟ್ಟು ಕೇಳಿ. ಕನಿಷ್ಠ ಠೇವಣಿ ಎಷ್ಟು, ವಾರ್ಷಿಕ ಶುಲ್ಕ ಮೊದಲ ವರ್ಷಕ್ಕಷ್ಟೇ ಇಲ್ಲವೋ ಯಾವಾಗಲೂ ಇಲ್ಲವೋ, ಠೇವಣಿ ಅವಧಿ ಮುಗಿದಾಗ ತಾನಾಗಿ ನವೀಕರಣವಾಗುತ್ತದೆಯೋ. ಕೊನೆಯದನ್ನು ಕೇಳದೆ ಬಿಟ್ಟವರ ಕಾರ್ಡು ಠೇವಣಿ ಮುಗಿದ ದಿನ ಕೆಲಸ ನಿಲ್ಲಿಸಿದ ಉದಾಹರಣೆ ಉಂಟು. ಮನೆಯ ಕಷ್ಟಕ್ಕೆಂದು ಇಟ್ಟ ಒಂದೇ ಒಂದು ಠೇವಣಿಯನ್ನು ಮಾತ್ರ ಇದಕ್ಕೆ ಕಟ್ಟಿಹಾಕಬೇಡಿ.

ಸೊಸೈಟಿಯಲ್ಲಿ, ಪೋಸ್ಟ್ ಆಫೀಸಿನಲ್ಲಿ ಇಟ್ಟಿರೋ ದುಡ್ಡಿನ ಮೇಲೆ ಕಾರ್ಡ್ ಸಿಗುತ್ತಾ?

ಸಿಗುವುದಿಲ್ಲ. ಕಾರ್ಡ್ ಕೊಡುವ ಬ್ಯಾಂಕಿನಲ್ಲಿಯೇ ಠೇವಣಿ ಇರಬೇಕು. ಸೌಹಾರ್ದ ಸಹಕಾರಿಯಲ್ಲಿಟ್ಟ ಹಣಕ್ಕಾಗಲಿ, ಅಂಚೆ ಕಚೇರಿಯ ಯೋಜನೆಗಳಿಗಾಗಲಿ ಬೇರೆ ಬ್ಯಾಂಕು ಕಾರ್ಡ್ ಕೊಡುವುದಿಲ್ಲ. ತೆರಿಗೆ ಉಳಿಸಲೆಂದು ಐದು ವರ್ಷಕ್ಕೆ ಇಟ್ಟ ಠೇವಣಿಯನ್ನೂ ಅಡವಿಡಲು ಬರುವುದಿಲ್ಲ. ಸೊಸೈಟಿಯ ಬಡ್ಡಿ ಒಂದು ಪರ್ಸೆಂಟ್ ಹೆಚ್ಚೆಂದು ಎಲ್ಲವನ್ನೂ ಅಲ್ಲೇ ಇಟ್ಟಿರುವವರಿಗೆ ಇನ್ನೊಂದು ಮಾತು: ಬ್ಯಾಂಕ್ ಠೇವಣಿಗೆ ಪ್ರತಿ ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷ ರೂಪಾಯಿವರೆಗೆ ವಿಮೆಯಿದೆ, ಸಹಕಾರ ಸಂಘಗಳ ಠೇವಣಿಗೆ ಆ ವಿಮೆ ಇಲ್ಲ.

ಬೆಂಗಳೂರಿನ ಮಗ ತನ್ನ ಕಾರ್ಡಿನ ಮೇಲೆ ನನಗೊಂದು ಆ್ಯಡ್-ಆನ್, ಅಂದ್ರೆ ಹೆಚ್ಚುವರಿ ಕಾರ್ಡ್ ಕೊಡಿಸ್ತೀನಿ ಅಂತಾನೆ. ಅದು ಸಾಕಲ್ವಾ?

ಖರ್ಚಿಗೆ ಸಾಕು, ಸ್ವಾತಂತ್ರ್ಯಕ್ಕೆ ಸಾಲದು. ಆದಾಯದ ಕಾಗದ ಬೇಕಿಲ್ಲ, ಹಲವು ಬ್ಯಾಂಕುಗಳಲ್ಲಿ ಶುಲ್ಕವೂ ಇಲ್ಲ. ಆದರೆ ಬಿಲ್ಲಿನ ಹೊಣೆ ಪೂರ್ತಿ ಮಗನದು, ಪಾಯಿಂಟುಗಳು ಸೇರುವುದು ಅವನ ಖಾತೆಗೆ, ನೀವು ಕೊಂಡ ಪ್ರತಿ ಔಷಧಿಯ ಮೆಸೇಜೂ ಅವನ ಫೋನಿಗೆ. ಇದು ಕೆಲವರಿಗೆ ನೆಮ್ಮದಿ, ಕೆಲವರಿಗೆ ಕಿರಿಕಿರಿ. ಅದನ್ನು ಅಪ್ಪ ಮಕ್ಕಳೇ ಮಾತಾಡಿ ತೀರ್ಮಾನಿಸಿಕೊಳ್ಳಬೇಕು.

## ಸ್ಕೋರ್, ಜಾಮೀನು, ತಿರಸ್ಕಾರ

ಜೀವನದಲ್ಲಿ ಒಂದು ರೂಪಾಯಿ ಸಾಲ ಮಾಡಿಲ್ಲ. ಆದ್ರೂ ಸಿಬಿಲ್ ಇಲ್ಲ ಅಂತ ವಾಪಸ್ ಕಳಿಸಿದ್ರು. ಸಾಲ ಮಾಡದೇ ಇರೋದು ತಪ್ಪಾ?

ತಪ್ಪಲ್ಲ, ಆದರೆ ಸಾಲ ಕೊಡುವವನಿಗೆ ನಿಮ್ಮ ಬಗ್ಗೆ ಏನೂ ತಿಳಿಯದು. ಸ್ಕೋರ್ 300ರಿಂದ 900ರವರೆಗೆ ಇರುತ್ತದೆ. ಸಾಲದ ಚರಿತ್ರೆಯೇ ಇಲ್ಲದವರಿಗೆ ಅಂಕಿಯ ಬದಲು ‘ಚರಿತ್ರೆ ಇಲ್ಲ’ ಎಂಬ ಗುರುತು ಬರುತ್ತದೆ. ಅದು ಕೆಟ್ಟ ಅಂಕವಲ್ಲ, ಖಾಲಿ ಹಾಳೆ. ಠೇವಣಿ ಕಾರ್ಡನ್ನು ಆರು ತಿಂಗಳು ಬಳಸಿ ಸರಿಯಾಗಿ ಕಟ್ಟಿದರೆ ಆ ಹಾಳೆಯಲ್ಲಿ ಬರಹ ಮೂಡುತ್ತದೆ. 20,000 ಮಿತಿಯಿದ್ದರೆ 6,000ದ ಆಸುಪಾಸಿನಲ್ಲೇ ಖರ್ಚನ್ನು ಇಟ್ಟುಕೊಳ್ಳಿ. ಮಿತಿಯ ಅಂಚಿಗೆ ಪ್ರತಿ ತಿಂಗಳೂ ಹೋಗುವವರನ್ನು ಕಷ್ಟದಲ್ಲಿರುವವರೆಂದು ಸ್ಕೋರಿನ ಲೆಕ್ಕ ಪರಿಗಣಿಸುತ್ತದೆ.

ದೇಶದಲ್ಲಿ ಇಂಥ ವರದಿ ಕೊಡುವ ಸಂಸ್ಥೆಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. ಪ್ರತಿಯೊಂದೂ ವರ್ಷಕ್ಕೆ ಒಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕೆಂಬ ನಿಯಮವಿದೆ. ನಿಮ್ಮ ವರದಿಯನ್ನು ನೀವೇ ತೆಗೆದು ನೋಡಿದರೆ ಸ್ಕೋರ್ ಇಳಿಯುವುದಿಲ್ಲ. ಮಹಿಳಾ ಸಂಘಗಳಲ್ಲಿ ಮೈಕ್ರೊಫೈನಾನ್ಸ್ ಸಾಲ ಪಡೆದು ವಾರವಾರ ಕಟ್ಟಿದವರು ತಮಗೆ ಚರಿತ್ರೆಯೇ ಇಲ್ಲವೆಂದುಕೊಂಡಿರುತ್ತಾರೆ. ವರದಿ ತೆಗೆದರೆ ಆ ಕಂತುಗಳು ಅದರಲ್ಲಿ ಕಾಣುವ ಸಾಧ್ಯತೆ ಹೆಚ್ಚು. ಬೆಳೆ ಸಾಲ, ಚಿನ್ನದ ಮೇಲಿನ ಸಾಲವೂ ಹಾಗೆಯೇ.

ಇಪ್ಪತ್ತು ವರ್ಷದ ಸ್ನೇಹ ಅಂತ ಸಹೋದ್ಯೋಗಿಯ ಸಾಲಕ್ಕೆ ಜಾಮೀನು ಹಾಕಿದ್ದೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ನೇರ ಸಂಬಂಧ. ಬ್ಯಾಂಕ್ ಸಾಲಕ್ಕೆ ನೀವು ಜಾಮೀನುದಾರರಾದರೆ ಆ ಸಾಲ ನಿಮ್ಮ ವರದಿಯಲ್ಲಿಯೂ ನಮೂದಾಗುತ್ತದೆ, ಅವರು ಕಂತು ತಪ್ಪಿಸಿದರೆ ಕಪ್ಪು ಚುಕ್ಕೆ ನಿಮಗೂ ತಗಲುತ್ತದೆ. ಶಿಕ್ಷಕರಲ್ಲಿ, ಸಾರಿಗೆ ನೌಕರರಲ್ಲಿ ಒಬ್ಬರಿಗೊಬ್ಬರು ಜಾಮೀನು ನಿಲ್ಲುವುದು ಎಷ್ಟು ಸಹಜವೆಂದರೆ, ಯಾರಿಗೆಲ್ಲ ಸಹಿ ಹಾಕಿದ್ದೇವೆಂಬುದೇ ನಿವೃತ್ತಿಯ ಹೊತ್ತಿಗೆ ಮರೆತಿರುತ್ತದೆ. ವರದಿ ತೆಗೆದು ನೋಡಿ. ತೀರಿದ ಸಾಲ ಇನ್ನೂ ಬಾಕಿಯೆಂದು ಕಾಣುತ್ತಿದ್ದರೆ ಬ್ಯಾಂಕಿನಿಂದ ಬೇಬಾಕಿ ಪತ್ರ ಪಡೆದು ವರದಿ ಸಂಸ್ಥೆಗೆ ದೂರು ಕೊಡಿ. 30 ದಿನದೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ.

ಎಲ್ಲಾ ಸರಿ ಇದ್ರೂ ಅರ್ಜಿ ರಿಜೆಕ್ಟ್ ಆಯ್ತು. ಕಾರಣ ಕೇಳಿದ್ರೆ ‘ಸಿಸ್ಟಂ ತಗೊಳ್ತಿಲ್ಲ’ ಅಂತಾರೆ. ಏನು ಮಾಡ್ಲಿ?

ನನಗೂ ಆದದ್ದು ಇದೇ. ನಿವೃತ್ತಿಯಾದ ವರ್ಷ ನಾನೊಂದು ಕಾರ್ಡಿಗೆ ಅರ್ಜಿ ಹಾಕಿದೆ. ಎರಡು ಸಲ ತಿರಸ್ಕಾರವಾಯಿತು. ಬ್ಯಾಂಕಿನಲ್ಲಿ ದುಡಿದವನಿಗೇ ಹೀಗಾದರೆ ಎಂಬ ಸಿಟ್ಟಿನಿಂದ ಕಾಗದಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತಾಗ ಕಣ್ಣಿಗೆ ಬಿತ್ತು. ಆಧಾರ್‌ನಲ್ಲಿ ನನ್ನ ಹೆಸರಿನ ಹಿಂದೆ ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳಷ್ಟೇ ಇವೆ. ಪ್ಯಾನ್‌ನಲ್ಲಿ ಅವೆರಡೂ ಪೂರ್ತಿ ಬಿಡಿಸಿಕೊಂಡು, ಊರಿನ ಹೆಸರು ಮೊದಲು, ತಂದೆಯ ಹೆಸರು ನಡುವೆ, ನನ್ನ ಹೆಸರು ಕೊನೆಯಲ್ಲಿ. ಪಿಪಿಓದಲ್ಲಿ ಹೆಸರಿನ ಕೊನೆಯ ‘ಪ್ಪ’ ಎಂಬುದಕ್ಕೆ ಇಂಗ್ಲಿಷಿನ ಒಂದು ಅಕ್ಷರ ಕಡಿಮೆ. ಮನುಷ್ಯರಿಗೆ ಮೂವರೂ ಒಬ್ಬನೇ. ಕಂಪ್ಯೂಟರಿಗೆ ಮೂರು ಜನ. ಆಧಾರ್ ತಿದ್ದಿಸಿ, ಪ್ಯಾನಿನಂತೆಯೇ ಬ್ಯಾಂಕ್ ಖಾತೆಯ ಹೆಸರನ್ನೂ ಸರಿಪಡಿಸಿದ ಮೇಲೆ ಮೂರನೆಯ ಸಲ ಕಾರ್ಡ್ ಬಂತು. ಹೆಸರಿನ ಹಿಂದೆ ಇನಿಷಿಯಲ್ ಇಟ್ಟುಕೊಳ್ಳುವ ನಮ್ಮ ಕಡೆಯವರು ಮೊದಲು ನೋಡಬೇಕಾದದ್ದು ಇದನ್ನೇ.

ಕಾರಣವನ್ನು ಕೇಳುವುದು ನಿಮ್ಮ ಹಕ್ಕು. ಕ್ರೆಡಿಟ್ ಕಾರ್ಡ್ ಅರ್ಜಿಯನ್ನು ನಿರಾಕರಿಸಿದಾಗ ಮುಖ್ಯ ಕಾರಣವನ್ನು ಲಿಖಿತವಾಗಿ ತಿಳಿಸಬೇಕೆಂದು ರಿಸರ್ವ್ ಬ್ಯಾಂಕಿನ ನಿರ್ದೇಶನದಲ್ಲಿದೆ. ಹೆಸರಲ್ಲದೆ ಸಾಮಾನ್ಯವಾಗಿ ಸಿಗುವ ಇನ್ನೊಂದು ಕಾರಣ ಪಿನ್‌ಕೋಡ್. 577001ರ ದಾವಣಗೆರೆ ನಗರಕ್ಕೆ ಕೊಡುವ ಕಾರ್ಡನ್ನು ಕೆಲವು ಖಾಸಗಿ ಬ್ಯಾಂಕುಗಳು ತಾಲ್ಲೂಕಿನ ಹಳ್ಳಿಗಳ ವಿಳಾಸಕ್ಕೆ ಕೊಡುವುದಿಲ್ಲ. ಅಂಥಲ್ಲಿ ಬ್ಯಾಂಕನ್ನು ಬದಲಿಸುವುದೇ ದಾರಿ, ಅರ್ಜಿಯನ್ನು ಬದಲಿಸುವುದಲ್ಲ.

ಒಂದಲ್ಲ ಒಂದು ಸಿಗುತ್ತೆ ಅಂತ ನಾಲ್ಕೈದು ಬ್ಯಾಂಕಿಗೆ ಒಟ್ಟಿಗೇ ಅರ್ಜಿ ಹಾಕಲಾ?

ಬೇಡ. ಪ್ರತಿ ಅರ್ಜಿಗೂ ಬ್ಯಾಂಕು ನಿಮ್ಮ ವರದಿಯನ್ನು ತರಿಸುತ್ತದೆ, ತರಿಸಿದ್ದು ದಾಖಲಾಗುತ್ತದೆ. ತಿಂಗಳೊಳಗೆ ಐದು ವಿಚಾರಣೆ ಕಂಡವರನ್ನು ಆರನೆಯವರು ನಂಬುವುದಿಲ್ಲ. ತಿರಸ್ಕಾರವಾದ ಮೇಲೆ ಕಾರಣ ಸರಿಪಡಿಸಿ, ಮೂರರಿಂದ ಆರು ತಿಂಗಳು ಬಿಟ್ಟು ಮತ್ತೆ ಹಾಕಿ.

## ಕಾರ್ಡ್ ಕೈಗೆ ಬಂದ ಮೇಲೆ

ನಮ್ಮಂಥ ಊರಿನವರಿಗೆ ಯಾವ ಥರದ ರಿವಾರ್ಡ್ ಉಪಯೋಗಕ್ಕೆ ಬರುತ್ತೆ?

ವಿಮಾನ ನಿಲ್ದಾಣದ ಲೌಂಜ್ ಉಚಿತ ಎಂದು ಹೊಗಳುವ ಕಾರ್ಡನ್ನು ಪಕ್ಕಕ್ಕಿಡಿ. ಅದನ್ನು ಬಳಸಲು ನಾವು ಮೊದಲು ಹುಬ್ಬಳ್ಳಿಗೋ ಶಿವಮೊಗ್ಗಕ್ಕೋ ಹೋಗಬೇಕು. ದಿನಸಿ, ಔಷಧಿ, ಬೆಸ್ಕಾಂ ಬಿಲ್ಲು, ರೈಲು ಟಿಕೆಟ್ ಇವಕ್ಕೆ ಏನು ಕೊಡುತ್ತದೆ ಎಂದು ನೋಡಿ. ಪೆಟ್ರೋಲ್, ಬಾಡಿಗೆ, ವಾಲೆಟ್‌ಗೆ ಹಾಕಿದ ಹಣ ಇವಕ್ಕೆ ಬಹುತೇಕ ಕಾರ್ಡುಗಳು ಪಾಯಿಂಟ್ ಕೊಡುವುದಿಲ್ಲ, ಕರೆಂಟು ಬಿಲ್ಲಿಗೂ ಕೆಲವು ಕೊಡುವುದಿಲ್ಲ.

ನನ್ನ ಅಭಿಪ್ರಾಯದಲ್ಲಿ ನಮ್ಮ ಊರುಗಳಿಗೆ ಹೇಳಿಮಾಡಿಸಿದ್ದು ರುಪೇ ಕ್ರೆಡಿಟ್ ಕಾರ್ಡ್. 2022ರಿಂದ ಅದನ್ನು ಯುಪಿಐಗೆ ಜೋಡಿಸಲು ಅವಕಾಶವಾಗಿದೆ. ಕಾರ್ಡ್ ಉಜ್ಜುವ ಯಂತ್ರವಿಲ್ಲದ ಮಂಡಿಪೇಟೆಯ ಕಿರಾಣಿ ಅಂಗಡಿಯಲ್ಲಿಯೂ ಕ್ಯೂಆರ್ ಸ್ಕ್ಯಾನ್ ಮಾಡಿ ಕಾರ್ಡಿನಿಂದಲೇ ಕೊಡಬಹುದು. ಆದರೆ ಎಲ್ಲ ಕ್ಯೂಆರ್‌ಗೂ ನಡೆಯುವುದಿಲ್ಲ. ಬೆಣ್ಣೆದೋಸೆ ಹೋಟೆಲಿನ ಗಲ್ಲಾಪೆಟ್ಟಿಗೆಯ ಮೇಲಿರುವುದು ವ್ಯಾಪಾರಿ ಕ್ಯೂಆರ್ ಆಗಿದ್ದರೆ ಹಣ ಹೋಗುತ್ತದೆ. ಪಕ್ಕದ ಮಂಡಕ್ಕಿ ಗಾಡಿಯವನು ತನ್ನ ಸ್ವಂತ ಖಾತೆಯ ಕ್ಯೂಆರ್ ಅಂಟಿಸಿದ್ದರೆ ಫೋನು ಒಪ್ಪುವುದಿಲ್ಲ, ಅಲ್ಲಿ ಉಳಿತಾಯ ಖಾತೆಯಿಂದಲೇ ಕೊಡಬೇಕು. ಯುಪಿಐ ಮೂಲಕ ಮಾಡಿದ ಖರ್ಚಿಗೆ ಪಾಯಿಂಟನ್ನು ಕಡಿತ ಮಾಡುವ ಬ್ಯಾಂಕುಗಳೂ ಇರುವುದರಿಂದ ಅದನ್ನು ಮೊದಲೇ ಕೇಳಿಕೊಳ್ಳಿ.

ಬಿಲ್ಲಿನಲ್ಲಿ ‘ಕನಿಷ್ಠ ಮೊತ್ತ’ ಅಂತ ಬರುತ್ತಲ್ಲ, ಅಷ್ಟು ಕಟ್ಟಿದ್ರೆ ಸಾಕಾ?

ಸಾಲದು. 10,000 ರೂಪಾಯಿ ಬಾಕಿಗೆ ಕನಿಷ್ಠ ಮೊತ್ತ ಸುಮಾರು ಶೇ 5, ಅಂದರೆ 500 ರೂಪಾಯಿ. ತಿಂಗಳ ಬಡ್ಡಿ ಶೇ 3.75 ಇದ್ದರೆ 375 ರೂಪಾಯಿ, ಅದರ ಮೇಲೆ ಜಿಎಸ್‌ಟಿ ಸೇರಿ 442. ನೀವು ಕಟ್ಟಿದ 500ರಲ್ಲಿ ಸಾಲಕ್ಕೆ ಜಮೆಯಾಗುವುದು 58 ರೂಪಾಯಿ. ವರ್ಷಕ್ಕೆ ಇದು ಶೇ 45ರ ಬಡ್ಡಿ. ಶೇ 30ರ ಮೇಲೆ ವಿಧಿಸಬಾರದೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಕೊಟ್ಟಿದ್ದ ತೀರ್ಪನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ರದ್ದುಪಡಿಸಿರುವುದರಿಂದ ಆ ಆಸರೆಯೂ ಈಗ ಇಲ್ಲ. ಅಲ್ಲದೆ ಹಳೆಯ ಬಾಕಿ ಉಳಿದಿರುವಾಗ ಹೊಸ ಖರೀದಿಗೆ ಬಡ್ಡಿರಹಿತ ದಿನಗಳೂ ಸಿಗುವುದಿಲ್ಲ. ಮೇಲೆ ಲೆಕ್ಕ ಹಾಕಿದ ವರ್ಷದ 371 ರೂಪಾಯಿ ಲಾಭ ಒಂದೇ ತಿಂಗಳ ಬಡ್ಡಿಗೆ ಸಮವಲ್ಲ. ಪೂರ್ತಿ ಬಿಲ್ಲನ್ನು ಪ್ರತಿ ತಿಂಗಳೂ ಕಟ್ಟಲು ಆಗುವುದೆಂಬ ಭರವಸೆಯಿಲ್ಲದವರು ಕಾರ್ಡ್ ಪಡೆಯದಿರುವುದೇ ಲೇಸೆಂದು ನಾನು ಮುಖಕ್ಕೇ ಹೇಳುತ್ತೇನೆ. ಎಟಿಎಂನಲ್ಲಿ ಇದರಿಂದ ನಗದು ತೆಗೆದರೆ ತೆಗೆದ ದಿನದಿಂದಲೇ ಬಡ್ಡಿ, ಜೊತೆಗೆ ಶುಲ್ಕ.

ಬಿಲ್ಲು ಕಟ್ಟೋ ಕೊನೇ ದಿನ ತಿಂಗಳ ಇಪ್ಪತ್ತೆಂಟಕ್ಕೆ ಬರುತ್ತೆ, ಆಗ ಕೈ ಖಾಲಿ. ಬದಲಾಯಿಸಬಹುದಾ?

ಬದಲಾಯಿಸಬಹುದು. ಬಿಲ್ಲಿನ ಚಕ್ರವನ್ನು ಕನಿಷ್ಠ ಒಮ್ಮೆ ಬದಲಿಸಿಕೊಳ್ಳುವ ಅವಕಾಶವನ್ನು ಕಾರ್ಡ್‌ದಾರರಿಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2024ರಲ್ಲಿ ಹೇಳಿದೆ. ಪಿಂಚಣಿ ಬಂದ ನಾಲ್ಕೈದು ದಿನದೊಳಗೆ ಕೊನೆಯ ದಿನ ಬರುವಂತೆ ಕೇಳಿ, ಪಿಂಚಣಿ ಖಾತೆಯಿಂದಲೇ ಪೂರ್ತಿ ಮೊತ್ತ ತಾನಾಗಿ ಹೋಗುವಂತೆ ಆಟೋಪೇ ಹಾಕಿಸಿ. ಆಟೋಪೇ ನಮೂನೆಯಲ್ಲಿ ‘ಕನಿಷ್ಠ’ ಎಂಬುದಕ್ಕೆ ಗುರುತು ಬಿದ್ದಿದೆಯೇ ‘ಪೂರ್ತಿ’ ಎಂಬುದಕ್ಕೋ ಎಂದು ಎರಡು ಸಲ ನೋಡಿ.

ಪಾಯಿಂಟು ಸಾವಿರಾರು ಸೇರಿದೆ. ಅದನ್ನ ದುಡ್ಡು ಮಾಡೋದು ಹೇಗೆ?

ಹಲವು ಕಾರ್ಡುಗಳಲ್ಲಿ ಒಂದು ಪಾಯಿಂಟಿನ ಬೆಲೆ 20ರಿಂದ 25 ಪೈಸೆ. 4,000 ಪಾಯಿಂಟ್ ಅಂದರೆ ಸಾವಿರ ರೂಪಾಯಿಯ ಒಳಗೇ. ಪಡೆಯುವಾಗ 99 ರೂಪಾಯಿ ಮತ್ತು ಜಿಎಸ್‌ಟಿ ಹಿಡಿಯುವ ಬ್ಯಾಂಕುಗಳಿವೆ, ಆದ್ದರಿಂದ ಚೂರುಚೂರಾಗಿ ತೆಗೆಯಬೇಡಿ. ಎರಡು ಮೂರು ವರ್ಷಕ್ಕೆ ಅವಧಿ ಮುಗಿಯುವ ಪಾಯಿಂಟುಗಳೇ ಹೆಚ್ಚು. ಇದೆಲ್ಲ ತಲೆನೋವೆನ್ನುವವರು ಬಿಲ್ಲಿಗೇ ನೇರವಾಗಿ ಜಮೆಯಾಗುವ ಕ್ಯಾಶ್‌ಬ್ಯಾಕ್ ಕಾರ್ಡನ್ನು ಆರಿಸಿಕೊಳ್ಳಲಿ.

ಬ್ಯಾಂಕ್ ಖಾತೆಗೆ ಮಗಳ ಫೋನ್ ನಂಬರ್ ಕೊಟ್ಟಿದೀನಿ. ಕಾರ್ಡಿಗೂ ಅದೇ ಇರಲಾ?

ಬೇಡ, ನಿಮ್ಮದೇ ನಂಬರ್ ಇರಲಿ. ಅಂಗಡಿಯಲ್ಲಿ ನಿಂತಾಗ ಓಟಿಪಿ ಹೈದರಾಬಾದಿನಲ್ಲಿರುವ ಮಗಳ ಫೋನಿಗೆ ಹೋಗಿ, ಅವಳು ಮೀಟಿಂಗ್‌ನಲ್ಲಿದ್ದರೆ ನಿಮ್ಮ ಔಷಧಿ ಕೌಂಟರಿನ ಮೇಲೆಯೇ ಉಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ನಂಬರ್ ಹಂಚಿಕೊಳ್ಳುವ ಮನೆಗಳಲ್ಲಿ ಓಟಿಪಿಯನ್ನು ಬಾಯಲ್ಲಿ ಹೇಳುವುದು ಅಭ್ಯಾಸವಾಗಿಬಿಡುತ್ತದೆ, ಮೋಸಗಾರರಿಗೆ ಬೇಕಾದದ್ದೂ ಅದೇ. ‘ನಿಮ್ಮ ಪಾಯಿಂಟ್ ಇವತ್ತೇ ಮುಗಿಯುತ್ತೆ’, ‘ಮಿತಿ ಹೆಚ್ಚಿಸ್ತೀವಿ’, ‘ಜೀವಿತ ಪ್ರಮಾಣಪತ್ರ ಬಾಕಿ ಇದೆ’ ಎಂದು ಕನ್ನಡದಲ್ಲೇ ಸವಿಯಾಗಿ ಮಾತಾಡುವ ಕರೆಗಳು ಬರುತ್ತವೆ. ಮೋಸವಾಯಿತೆಂದು ತಿಳಿದ ಕೂಡಲೇ ಬ್ಯಾಂಕಿಗೆ ತಿಳಿಸಿ ಕಾರ್ಡ್ ನಿಲ್ಲಿಸಿ, 1930ಕ್ಕೆ ಕರೆ ಮಾಡಿ. ಮಕ್ಕಳಿಗೆ ಬೈಸಿಕೊಳ್ಳಬೇಕಾಗುತ್ತದೆಂದು ಎರಡು ದಿನ ಸುಮ್ಮನಿದ್ದವರ ಹಣವೇ ಹೆಚ್ಚಾಗಿ ಹೋಗಿದೆ.

ನಾನು ಕೇಳದೇ ಇದ್ರೂ ಕಾರ್ಡ್ ಮನೆಗೆ ಬಂತು. ಇನ್ನೊಂದು ಕಾರ್ಡ್ ಬೇಡ ಅಂದ್ರೂ ಮುಚ್ತಾ ಇಲ್ಲ. ಯಾರಿಗೆ ಹೇಳೋದು?

ಕೇಳದೆ ಕಾರ್ಡ್ ಕೊಡುವಂತಿಲ್ಲ. ಕೊಟ್ಟು ಶುಲ್ಕವನ್ನೂ ಹಾಕಿದರೆ, ಆ ಶುಲ್ಕವನ್ನು ಹಿಂದಿರುಗಿಸುವುದರ ಜೊತೆಗೆ ಅದರ ಎರಡರಷ್ಟು ದಂಡವನ್ನೂ ನಿಮಗೆ ಕೊಡಬೇಕು. ಬಾಕಿಯಿಲ್ಲದ ಕಾರ್ಡನ್ನು ಮುಚ್ಚಲು ಕೇಳಿದರೆ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ. ಮನವಿಯನ್ನು ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನದಲ್ಲಿ ಬ್ಯಾಂಕಿನಿಂದ ಸರಿಯಾದ ಉತ್ತರ ಬರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಮಾಹಿತಿಗೆ 14448ಕ್ಕೆ ಕರೆ ಮಾಡಿ.

ನಾಳೆ ನಾನು ಇಲ್ಲದಿದ್ರೆ ಕಾರ್ಡಿನ ಬಾಕಿ ನಮ್ಮ ಮನೆಯವಳ ತಲೆ ಮೇಲೆ ಬರುತ್ತಾ?

ಕಾರ್ಡ್ ನಿಮ್ಮೊಬ್ಬರ ಹೆಸರಿನಲ್ಲಿದ್ದರೆ ಅವರು ತಮ್ಮ ಸ್ವಂತ ಹಣದಿಂದ ತೀರಿಸಬೇಕಾಗಿಲ್ಲ. ಬ್ಯಾಂಕು ವಸೂಲಿ ಮಾಡಬಹುದಾದದ್ದು ನೀವು ಬಿಟ್ಟುಹೋದ ಆಸ್ತಿಯಿಂದ ಮಾತ್ರ. ಠೇವಣಿ ಕಾರ್ಡಾಗಿದ್ದರೆ ಬಾಕಿಯನ್ನು ಠೇವಣಿಯಲ್ಲಿ ಮುರಿದುಕೊಂಡು ಉಳಿದದ್ದನ್ನು ನಾಮಿನಿಗೆ ಕೊಡುತ್ತಾರೆ, ಆದುದರಿಂದ ಠೇವಣಿಗೆ ನಾಮಿನಿ ಹೆಸರು ಬರೆಸಿರಿ. ಮನೆಯವರು ಮಾಡಬೇಕಾದದ್ದು ಮರಣ ಪ್ರಮಾಣಪತ್ರದ ಪ್ರತಿಯನ್ನು ಕಾರ್ಡ್ ವಿಭಾಗಕ್ಕೂ ಬೇರೆಯಾಗಿ ಕೊಡುವುದು. ಪಿಂಚಣಿ ಶಾಖೆಗೆ ಕೊಟ್ಟದ್ದು ಅಲ್ಲಿಗೆ ತಾನಾಗಿ ತಲುಪುವುದಿಲ್ಲ. ಕಾರ್ಡಿನ ಬ್ಯಾಂಕು, ಕೊನೆಯ ನಾಲ್ಕು ಅಂಕಿ, ಆಟೋಪೇ ಇರುವ ಖಾತೆ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಪಿಪಿಓ ಇಟ್ಟಿರುವ ಫೈಲಿನಲ್ಲೇ ಇಡಿ. ಪಿನ್ ಸಂಖ್ಯೆಯನ್ನು ಮಾತ್ರ ಬರೆಯಬೇಡಿ.